ಆಯಿಯ ಬಳ್ಳಿ, ಕಾಕಾನ ಗುಣಿ

ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಕೋಣೆ. ಮುಂದಿನದು ಹತ್ತಿಯದು, ನಡುವಿನದು ಮನುಷ್ಯರದು, ಹಿಂದಿನ ಕತ್ತಲ ಕೋಣೆ ಬರಣಿಗಳದು. ನಾವು ಪಿಂಜಾರರು. ಊರಿನವರ ಹಳೆಯ ಗಾದಿ ಬಿಚ್ಚಿ, ಗಟ್ಟಿಯಾದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ, ಮತ್ತೆ ಮೆತ್ತಗೆ ಹೊಲಿದು ಕೊಡುವುದು ಅಪ್ಪನ ಕಸುಬು. ಮದುವೆಯ ದಿನಗಳು ಬಂದವೆಂದರೆ ಬೆಳಗಿನಿಂದ ಸಂಜೆಯವರೆಗೆ ಆ ಬಿಲ್ಲಿನ ಠಂಯ್ ಠಂಯ್ ಸಪ್ಪಳ ನಮ್ಮ ಗೋಡೆಗಳಲ್ಲೇ ಇರುತ್ತಿತ್ತು. ಹತ್ತಿಯ ನವಿರು ಎಲ್ಲಿ ಕೂಡಬೇಕು ಎಲ್ಲಿ ಕೂಡಬಾರದು ಎಂದು ಕೇಳುತ್ತಿರಲಿಲ್ಲ. ಹುಬ್ಬಿನ ಮೇಲೆ, ಸಾರಿನ ಮೇಲೆ, ಬಿಸಿ ರೊಟ್ಟಿಯ ಮೇಲೆ. ನೆಂಟರು ಬಂದರೆ ಗಂಗಾಳದ ಮುಂದೆ ಕೂತು ಬೆರಳಿನಿಂದ ನವಿರು ಆರಿಸುತ್ತಿದ್ದರು. ಅವ್ವನಿಗೆ ಅದನ್ನು ನೋಡಿದರೆ ಸಿಟ್ಟು. ಇಷ್ಟು ನಾಜೂಕಿನವರು ಪಿಂಜಾರರ ಮನೆಗೆ ಹೆಣ್ಣು ಯಾಕೆ ಕೊಟ್ಟರೋ ಎಂದು ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು.

ಹಿತ್ತಲ ಬಾಗಿಲು ತೆರೆದರೆ ದ್ರಾಕ್ಷಿ ಚಪ್ಪರ. ಅದು ನಮ್ಮ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ, ಇಮಾಂಬಿ. ಮದುವೆಯಾಗಿ ಡೋಣಿ ಎಂಬ ಊರಿನಿಂದ ಬರುವಾಗ ತವರಿನ ಬಳ್ಳಿಯ ಒಂದು ಕಡ್ಡಿಯನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳಂತೆ. ಆ ಹಣ್ಣು ಸಣ್ಣದು, ಕರಿದು, ದಪ್ಪ ತೊಗಲಿನದು, ಒಳಗೆ ಎರಡು ಬೀಜ. ಬಾಯಿಗೆ ಹಾಕಿದರೆ ಮೊದಲು ಹುಳಿಗೆ ಒಂದು ಕಣ್ಣು ಮುಚ್ಚಬೇಕು, ಆಮೇಲೆ ನಾಲಿಗೆಯ ಹಿಂದಿನಿಂದ ಸಿಹಿ ನಿಧಾನಕ್ಕೆ ಬರುತ್ತಿತ್ತು. ವಿಜಾಪುರದ ಕಡೆಯಿಂದ ಪೇಟೆಗೆ ಬರುತ್ತಿದ್ದ ಉದ್ದನೆಯ ಹಸಿರು ದ್ರಾಕ್ಷಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ಹೆಸರೂ ಇರಲಿಲ್ಲ, ಓಣಿಯವರು ಇಮಾಂಬಿ ದ್ರಾಕ್ಷಿ ಅನ್ನುತ್ತಿದ್ದರು. ಡೋಣಿಯ ಮನೆ ಬಿದ್ದಾಗ ಅಲ್ಲಿಯ ಮೂಲ ಬಳ್ಳಿ ಮಣ್ಣಿನಡಿ ಹೋಯಿತು. ಕೇಳಿದವರಿಗೆಲ್ಲ ಆಯಿ ಕಡ್ಡಿ ಕೊಟ್ಟಳು. ಕಳಸಾಪುರದಲ್ಲಿ ಒಬ್ಬರು ನೆಟ್ಟದ್ದು ಎರಡು ಎಲೆ ಬಿಟ್ಟು ಒಣಗಿತು, ಅಸುಂಡಿಯಲ್ಲಿ ಬೇರು ಹಿಡಿದದ್ದನ್ನು ಬೀಜವಿರುವ ಹಣ್ಣು ಯಾರು ತಿನ್ನುತ್ತಾರೆಂದು ಕಿತ್ತು ಒಗೆದರು. ಹೀಗಾಗಿ ಆ ದ್ರಾಕ್ಷಿ ಇದ್ದದ್ದು ನಮ್ಮ ಹಿತ್ತಲಿನಲ್ಲಿ ಮಾತ್ರ.

ತಿಂದು ಉಳಿದ ಹಣ್ಣೆಲ್ಲ ಸಿರಕಾ, ಅಂದರೆ ವಿನೆಗರ್, ಆಗುತ್ತಿತ್ತು. ಆಯಿ ಹಣ್ಣನ್ನು ಕೈಯಿಂದ ಹಿಸುಕಿ, ರಸವನ್ನು ಚೀನಿ ಬರಣಿಗೆ ಹಾಕಿ, ಹಾಲಿಗೆ ಹೆಪ್ಪು ಹಾಕುವ ಹಾಗೆ ಹಳೆಯ ಸಿರಕಾದ ಒಂದು ಸೌಟು ಬೆರೆಸಿ, ಬಿಸ್ಮಿಲ್ಲಾ ಅಂದು ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಳು. ಉಳ್ಳಾಗಡ್ಡಿ ನೆನೆಸಲು, ಉಪ್ಪಿನಕಾಯಿಗೆ, ಜ್ವರ ಬಂದವರ ಹಣೆಗೆ ಪಟ್ಟಿ ಹಾಕಲು ಅರ್ಧ ಓಣಿ ನಮ್ಮ ಮನೆಗೇ ಬಟ್ಟಲು ಹಿಡಿದು ಬರುತ್ತಿತ್ತು. ಆದರೆ ದ್ರಾಕ್ಷಿಯ ರಸ ನೇರವಾಗಿ ಸಿರಕಾ ಆಗುವುದಿಲ್ಲ. ನಡುವೆ ಒಂದಷ್ಟು ದಿನ ಅದು ಶರಾಬು. ಆ ಶಬ್ದವನ್ನು ಆಯಿ ಬಾಯಿಯಿಂದ ಆಡಿದವಳಲ್ಲ. ಬರಣಿ ಮಲಗೇತಿ ಅನ್ನುತ್ತಿದ್ದಳು, ಅಷ್ಟೇ. ಮಲಗಿದ ಬರಣಿಯ ಬಟ್ಟೆ ಯಾರೂ ಬಿಚ್ಚಬಾರದು, ಮೂಗು ಹತ್ತಿರ ಒಯ್ಯಬಾರದು. ಅವಧಿಗೆ ಮೊದಲೇ ಯಾರಾದರೂ ಬಿಚ್ಚಿದರೆ ಅಷ್ಟನ್ನೂ ಬಚ್ಚಲಿಗೆ ಚೆಲ್ಲಿ ಬರಣಿ ಮೂರು ನೀರಿನಲ್ಲಿ ತೊಳೆಯಬೇಕು. ನಾನೊಮ್ಮೆ ಬರಣಿಗೆ ಕಿವಿ ಹಚ್ಚಿ ಒಳಗಿನ ಕುಸುಕುಸು ಸಪ್ಪಳ ಕೇಳುತ್ತ ಕೂತಿದ್ದೆ. ಆಯಿ ನನ್ನ ಜಡೆ ಹಿಡಿದು ಈಚೆ ಎಳೆದಳು.

"ಕಿವಿ ತಗಿ ಮಾಬೂ. ಅದು ಅಲ್ಲಾನ ಕೂಡ ಮಾತಾಡಾಕತ್ತೈತಿ. ಇಬ್ಬರ ಮಾತಿನ ನಡುವ ನಿಂದೇನು?"

ಗದಗ ಹೊಸ ಜಿಲ್ಲೆಯಾಗಿ, ಇನ್ನು ಸಣ್ಣ ಕಾಗದಕ್ಕೂ ಧಾರವಾಡದ ಬಸ್ಸು ಹತ್ತಬೇಕಿಲ್ಲವೆಂದು ಕಟ್ಟೆಯ ಮೇಲೆ ಹಿರಿಯರು ಹಿಗ್ಗುತ್ತಿದ್ದ ದಿನಗಳು ಅವು. ಚಪ್ಪರದಲ್ಲಿ ಹಣ್ಣು ಕಪ್ಪಾಗುತ್ತಿದ್ದಾಗ ದಾವಲ ಕಾಕಾ ಮನೆಗೆ ಬಂದ. ಅಪ್ಪನ ಒಬ್ಬನೇ ತಮ್ಮ. ನಾನು ಹುಟ್ಟುವ ಮೊದಲೇ ಗೋವೆಗೆ ಹೋಗಿ, ಅಲ್ಲಿಂದ ಹಡಗಿನ ಅಡುಗೆಮನೆ ಸೇರಿ, ಯಾವುದೋ ದೇಶದಲ್ಲಿ ಇಳಿದವನೆಂದಷ್ಟೇ ನಮಗೆ ಗೊತ್ತು. ಧಾರವಾಡ ಜಿಲ್ಲಾ ಲಕ್ಷ್ಮೇಶ್ವರಕ್ಕೆ ಒಂದು ಟಿಕೀಟು ಅಂದಿದ್ದಕ್ಕೆ ಕಂಡಕ್ಟರು, ಜಿಲ್ಲಾನ ಬದಲಾತು, ಯಾವ ಊರಾಗ ನಿದ್ದಿ ಹೊಡದಿದ್ದಿಯೋ ಮಾರಾಯ ಎಂದನಂತೆ. ಹೊಸ್ತಿಲಿನ ಹೊರಗೆ ಚಪ್ಪಲಿ ಬಿಡುವಾಗ ಅದನ್ನೇ ಹೇಳಿ ನಗುತ್ತಿದ್ದ. ಆಯಿ ನಗಲಿಲ್ಲ. ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ನೆಟ್ಟಗೆ ಒಲೆಯ ಕಡೆಗೆ ನಡೆದಳು.

ಆ ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಕಾಕಾ ಬರುವಾಗ ಗದಗಿನಲ್ಲಿ ಇಳಿದು ಜಿಲೇಬಿ ತಂದಿದ್ದ. ಒಂದು ತುಂಡು ಮುರಿದು ಆಯಿಯ ಬಾಯಿಯ ತನಕ ಒಯ್ದಿದ್ದ. ಅಷ್ಟರಲ್ಲಿ ಅಪ್ಪ ಕೇಳಿದ, ಕೇಳಬೇಕಾದ್ದನ್ನೇ.

"ಇಷ್ಟ ವರ್ಷ ಏನ ಮಾಡ್ದಿಲೇ ತಮ್ಮಾ ಅಲ್ಲಿ?"

"ದ್ರಾಕ್ಷಿ ತ್ವಾಟದಾಗ ಇದ್ದೆ ಅಣ್ಣಾ. ಸಮುದ್ರದ ನಡುವ ಒಂದ ನಡುಗಡ್ಡಿ. ಊರ ಮಂದಿ ಎಲ್ಲಾ ದ್ರಾಕ್ಷೀನ ಬೆಳೀತಾರ. ಹರಿಯೂದು, ಒಣಗಸೂದು, ಹಿಂಡೂದು."

"ಹಿಂಡಿ ಏನ ಮಾಡ್ತಾರ?"

"ಶರಾಬು," ಎಂದ ಕಾಕಾ, ಊರಿನಲ್ಲಿ ಗಾಣದೆಣ್ಣೆ ತೆಗೆಯುತ್ತಾರೆ ಎಂದಷ್ಟು ಸಹಜವಾಗಿ.

ಆಯಿ ಮುಖ ಹಿಂದಕ್ಕೆ ತೆಗೆದುಕೊಂಡಳು. ಶರಾಬು ಕುಡಿದವನಷ್ಟೇ ಹಿಂಡಿದವನೂ ಹೊತ್ತವನೂ ಪಾಪಿ ಎಂದು ಕೇಳಿಕೊಂಡು ಬೆಳೆದ ಹೆಂಗಸು ಅವಳು. ಕೂಗಾಡಲಿಲ್ಲ, ಅಳಲಿಲ್ಲ. ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು. ಜಿಲೇಬಿ ಮಾತ್ರ ಕಾಕಾನ ಬೆರಳಲ್ಲೇ ಉಳಿಯಿತು, ಪಾಕ ಮೊಣಕೈ ತನಕ ಇಳಿಯಿತು.

ಅಂದಿನಿಂದ ಶುರುವಾದದ್ದನ್ನು ಜಗಳ ಅನ್ನಲೂ ಬರುವುದಿಲ್ಲ. ಮಗನಿಗೆ ನೀರು ಕಾಸಿ ಕೊಡುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ, ಅವನು ಮಾಂಸ ತಂದರೆ ಮಸಾಲೆ ಅರೆದು ಎಲ್ಲರಿಗೂ ಬಡಿಸುತ್ತಾಳೆ. ತಾನು ಮಾತ್ರ ಗೋಡೆಯ ಕಡೆ ತಿರುಗಿ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಅವನ ಕೈಯಿಂದ ಒಂದು ವೀಳ್ಯದೆಲೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಕಾ ಮೊದಮೊದಲು ನಕ್ಕು ಬಿಟ್ಟ, ಆಮೇಲೆ ಸಿಟ್ಟಾದ, ಕೊನೆಗೆ ಅವನಿಗೆ ಜಗತ್ತಿನಲ್ಲಿ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಆಯಿ ಅವನ ಕೈಯಿಂದ ಒಂದು ತುತ್ತು ತಿನ್ನಬೇಕು. ಊರಿನಲ್ಲಿ ಯಾವ ಕೆಲಸ ಹಿಡಿಯಬೇಕು, ಮದುವೆ ಆಗಬೇಕೋ ಬೇಡವೋ, ಎಲ್ಲಕ್ಕೂ ಆಮೇಲೆ ನೋಡೋಣ ಅನ್ನುತ್ತಿದ್ದ. ಆಮೇಲೆ ಅಂದರೆ ಆ ತುತ್ತಿನ ಆಮೇಲೆ.

ನನಗೆ ಮಾತ್ರ ಕಾಕಾ ಬಂದದ್ದು ಹಬ್ಬ. ಚಪ್ಪರದ ಕೆಳಗೆ ಹೊರಸು ಹಾಕಿಕೊಂಡು ಆ ನಡುಗಡ್ಡೆಯ ಕತೆ ಹೇಳುತ್ತಿದ್ದ. ಅದರ ಹೆಸರು ಪಾಂತೆಲ್ಲೇರಿಯಾ, ನಾನು ಹೇಳಲು ಹೋದರೆ ನಾಲಿಗೆ ಗಂಟು ಬೀಳುತ್ತಿತ್ತು. ವರ್ಷದುದ್ದಕ್ಕೂ ಬಿಸಿಲು, ಬಿಸಿಲಿನ ಜೊತೆ ಹುಚ್ಚು ಗಾಳಿ. ನೆಲವೆಲ್ಲ ಬೆಂಕಿ ಉಗುಳಿದ ಗುಡ್ಡದ ಕರೀ ಕಲ್ಲು. ಚಪ್ಪರ ಹಾಕಿದರೆ ಗಾಳಿ ಹೊತ್ತೊಯ್ಯುತ್ತದೆಂದು ಅಲ್ಲಿಯವರು ಒಂದೊಂದು ಬಳ್ಳಿಗೂ ಒಂದೊಂದು ಗುಣಿ ತೋಡಿ, ಬಳ್ಳಿಯನ್ನು ಗಿಡ್ಡಗೆ ಕತ್ತರಿಸಿ, ಗುಣಿಯೊಳಗೆ ಕೂಡಿಸುತ್ತಾರೆ. ಇಬ್ಬನಿ ಗುಣಿಗೆ ಇಳಿದು ಬೇರಿಗೆ ಸೇರುತ್ತದೆ. ಹಣ್ಣು ಹರಿಯುವವರು ಮೊಣಕಾಲೂರಿ, ನಮಾಜಿಗೆ ಬಗ್ಗಿದ ಹಾಗೆ ಬಗ್ಗಬೇಕು. ಅಲ್ಲಿಯ ದ್ರಾಕ್ಷಿಗೆ ಜಿಬಿಬ್ಬೊ ಅಂತ ಹೆಸರು, ಬಂಗಾರದ ಬಣ್ಣ, ಮಲ್ಲಿಗೆಯ ವಾಸನೆ. ಅದನ್ನು ಬಿಸಿಲಿಗೆ ಹರವಿ ಅರ್ಧ ಒಣಗಿಸಿ ಹಿಂಡಿದ ಶರಾಬು ಜೇನಿನಷ್ಟು ಸಿಹಿಯಂತೆ. ಅದರ ಬಾಜೂಕಿನ ದೊಡ್ಡ ನಡುಗಡ್ಡೆ ಸಿಸಿಲಿಯಲ್ಲೂ ಅವನು ಕೆಲವು ಸುಗ್ಗಿ ದುಡಿದಿದ್ದ. ಅಲ್ಲಿ ಬಿಳಿಯದೊಂದು ಗ್ರಿಲ್ಲೊ, ಕರಿಯದೊಂದು ನೆರೊ ದಾವೊಲಾ.

"ನಿನ್ನ ಹೆಸರಿಂದ ಒಂದು ದ್ರಾಕ್ಷಿ ಐತೇನ ಕಾಕಾ?" ಎಂದು ನಾನು ಚಪ್ಪಾಳೆ ತಟ್ಟಿದೆ.

ಅಕ್ಕಿ ಆರಿಸುತ್ತ ಕೂತಿದ್ದ ಆಯಿ ಮೊರ ಕೆಳಗಿಟ್ಟಳು.

"ಹರಕೀ ಹೊತ್ತು ಪೀರರ ಹೆಸರು ಇಟ್ಟೀನಿ ಅವಂಗ. ಅದನ್ನ ಒಯ್ದು ಶರಾಬಿನ ದ್ರಾಕ್ಷಿಗೆ ಕಟ್ಟಬ್ಯಾಡ್ರಿ."

"ನಾ ಕುಡದಿಲ್ಲವ್ವಾ," ಎಂದ ಕಾಕಾ. "ಒಂದ ಹನಿ ಮುಟ್ಟಿಲ್ಲ. ದುಡದೀನಿ ಅಷ್ಟ. ನೀ ಬರಣ್ಯಾಗ ಇಡತಿಯಲ್ಲ, ಅದರಾಗ ನಡುವ ಏನ ಆಗತೈತಿ, ನಿನಗ ಗೊತ್ತಿಲ್ಲೇನು?"

ಹತ್ತಿಯ ಕೋಣೆಯಲ್ಲಿ ಅಪ್ಪನ ಬಿಲ್ಲು ನಿಂತಿತು. ಅವ್ವ ಒಲೆಯ ಮುಂದೆ ಎದ್ದು ನಿಂತಳು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಯಿ ಧ್ವನಿ ಏರಿಸಲಿಲ್ಲ.

"ನನಗ ಗೊತ್ತೈತಿ. ಅದಕ್ಕ ನಾ ಬರಣಿ ಬಾಯಿಗೆ ಕಟ್ಟಿದ ಅರಿವಿ ಬಿಚ್ಚಂಗಿಲ್ಲ. ನಿಮ್ಮ ನಡುಗಡ್ಡ್ಯಾಗ ಬಿಚ್ಚಿ ಮಾರತಾರ. ಇಷ್ಟ ಫರಕ್ಕು."

ಕಾಕಾ ಚಪ್ಪಲಿ ಮೆಟ್ಟಿ ಓಣಿಗೆ ಇಳಿದ. ಆ ಫರಕು ಎಷ್ಟೆಂದು ಅಳೆಯಲು ನನಗೆ ಈಗಲೂ ಬರುವುದಿಲ್ಲ. ಮೂರನೆಯ ದಿನ ಕಾಕಾ ಒಂದು ಗೊಂಚಲು ಹರಿದು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ, ಒಂದು ಹಣ್ಣು ತಿಂದು ಬೀಜ ಹೊರಗೆ ತೆಗೆದು ನೋಡಿದ. ಆಯಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ನನಗೆ ಹೇಳಿದ, ಇಂಥಾದ್ದು ಆ ಎರಡೂ ನಡುಗಡ್ಡಿಯಾಗ ಇಲ್ಲ ಮಾಬೂ. ಅಲ್ಲಿ ಒಂದು ಹಳೇ ತಳಿ ಉಳದೈತಿ ಅಂದ್ರ ಊರ ಮಂದಿ ಮಗೂನ ಜ್ವಾಕಿ ಮಾಡಿದಂಗ ಮಾಡ್ತಾರ. ಇದಕ ಏನರ ಆತು ಅಂದ್ರ ದುನಿಯಾದಾಗಿಂದ ಹೋತು. ಆಯಿ ಮೊರದಿಂದ ಮುಖ ಎತ್ತಲಿಲ್ಲ. ಆದರೆ ಆ ಸಂಜೆ ಅವಳೇ ಅವನ ಹತ್ತಿರ ಬಂದು ಕೂತಳು.

"ಈ ವರ್ಷದ ಹಣ್ಣು ನಾ ಜ್ವಾಕಿ ಮಾಡಿದ್ದು. ಬರೂ ವರ್ಷದ್ದು ನಿಂದು. ಬಳ್ಳಿ ಕತ್ತರಿಸಿ ಚಾಟಣಿ ಮಾಡೂದು, ಗೊಬ್ಬರ, ನೀರು, ಎಲ್ಲಾ ನೀನ ಮಾಡು. ನಾ ನಡುವ ಬರಂಗಿಲ್ಲ. ಅದರಾಗ ಬಂದ ಹಣ್ಣು ನಿನ್ನ ಹಲಾಲ ದುಡಿಮಿ. ಮೊದಲನೇ ಗೊಂಚಲು ನಿನ್ನ ಕೈಲೆ ತಿಂತೀನಿ. ಇದು ನನ್ನ ಮಾತು."

ಕಾಕಾ ಅವಳ ಪಾದ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಅವನಷ್ಟು ಸುಖಿ ಯಾರೂ ಇರಲಿಲ್ಲ. ಬೆಳಗ್ಗೆ ಏಳುವುದೇ ತಡ, ಬಳ್ಳಿಯ ಬುಡಕ್ಕೆ ಹೋಗಿ ಕೂಡುತ್ತಿದ್ದ. ಎಲೆಯ ಹಿಂದಿನ ಹುಳ ಆರಿಸುತ್ತಿದ್ದ, ಯಾರದೋ ಕೊಟ್ಟಿಗೆಯಿಂದ ಗೊಬ್ಬರ ತಲೆಯ ಮೇಲೆ ಹೊತ್ತು ತರುತ್ತಿದ್ದ. ಉಳಿದ ಹೊತ್ತಿನಲ್ಲಿ ಅಪ್ಪನ ಪಕ್ಕ ಕೂತು ಮರೆತುಹೋದ ಕಸುಬನ್ನು ಹೊಸದಾಗಿ ಕಲಿತ. ಮೊದಲ ದಿನವೇ ಬಿಲ್ಲಿನ ತಂತಿ ಬಡಿದು ಬೆರಳು ಸೀಳಿಕೊಂಡಿತು. ಅವ್ವ ಅರಿಸಿನ ಒತ್ತುತ್ತ, ನಿಮ್ಮವ್ವಗ ತಿನಸೂ ಬೆರಳಪಾ ಇದು, ಜ್ವಾಕಿ ಎಂದು ಛೇಡಿಸಿದಳು.

ಬೇಸಿಗೆಯ ಕೊನೆಗೆ ಒಂದು ಅಡ್ಡಮಳೆ ಬಂತು. ಮಳೆಗಿಂತ ಗಾಳಿಯೇ ಹೆಚ್ಚು. ಚಪ್ಪರದ ಗಳಗಳು ಗೆದ್ದಲು ಹತ್ತಿ ಮೊದಲೇ ಟೊಳ್ಳಾಗಿದ್ದವು, ಇಡೀ ಚಪ್ಪರ ಮಗ್ಗುಲಾಗಿ ಬಳ್ಳಿಯನ್ನು ಹೊತ್ತುಕೊಂಡೇ ನೆಲಕ್ಕೆ ಒರಗಿತು. ಅಪ್ಪ ಹೊಸ ಗಳ ತರೋಣವೆಂದ. ಕಾಕಾ ಬೇಡವೆಂದ. ಇಷ್ಟು ವರ್ಷ ಗಾಳಿಯ ನಾಡಿನಲ್ಲಿ ಕಲಿತದ್ದು ಇನ್ನು ಯಾವ ಕಾಲಕ್ಕೆ ಬರಬೇಕು? ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ. ಸುತ್ತಲೂ ದೊಡ್ಡ ಬೋಗುಣಿಯಂಥ ಗುಣಿ ತೋಡಿದ. ಅಂಚಿಗೆ ಕಲ್ಲು ಜೋಡಿಸಿದ. ಕತ್ತರಿಸಿದ ಕಡ್ಡಿಗಳು ಬಚ್ಚಲ ಒಲೆಗೆ ಹೋದವು. ಅಪ್ಪ ಗುಣಿಯ ಅಂಚಿನಲ್ಲಿ ನಿಂತು ತಲೆ ಅಲ್ಲಾಡಿಸಿದ.

"ಇದು ಎರಿ ಭೂಮಿಲೇ ದಾವಲ್ಯಾ. ನೀರು ನಿಂತ್ರ ಕುಡಿಯಂಗಿಲ್ಲ, ಬಿಡಂಗಿಲ್ಲ. ನಿನ್ನ ನಡುಗಡ್ಡಿ ಕಲ್ಲಲ್ಲ ಇದು."

"ನೀ ಗಾದಿ ಹೊಲಿ ಅಣ್ಣಾ. ಬಳ್ಳಿ ನನಗ ಬಿಡು."

ಆಯಿ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಆ ಮಣ್ಣನ್ನು ಅವಳಿಗಿಂತ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ನಡುವೆ ಬರುವುದಿಲ್ಲವೆಂದು ಮಾತು ಕೊಟ್ಟಿದ್ದಳಲ್ಲ, ತುಟಿ ಎರಡು ಮಾಡಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಅವಳ ಮೇಲೆ ಸಿಟ್ಟು ಉಕ್ಕುತ್ತದೆ. ಮಾತಿನ ಮನುಷ್ಯರು ಎಂದು ಜನ ಹೊಗಳುತ್ತಾರೆ, ಅಂಥವರ ಜೊತೆ ಒಂದೇ ಸೂರಿನಡಿ ಇದ್ದು ನೋಡಬೇಕು.

ಮುಂಗಾರು ಶುರುವಾಯಿತು. ಗುಣಿಯಲ್ಲಿ ನೀರು ನಿಂತಿತು. ಕಾಕಾ ಮತ್ತು ಅಪ್ಪ ಗಾದಿ ಹೊತ್ತು ಶಿರಹಟ್ಟಿಗೆ ಹೋದ ದಿನ ಆಯಿ ಸೀರೆ ಎತ್ತಿ ಕಟ್ಟಿಕೊಂಡು ಗುಣಿಗೆ ಇಳಿದಳು. ಚೆಂಬಿನಿಂದ ನೀರು ಮೊಗೆದು ನನ್ನ ಬಕೀಟಿಗೆ ಹಾಕುತ್ತಿದ್ದಳು, ನಾನು ಒಯ್ದು ಬಚ್ಚಲಿಗೆ ಚೆಲ್ಲುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡಳು.

"ಅತ್ತಿ, ಬಾಯಿ ಬಿಟ್ಟು ಹೇಳ್ರಿ ನಿಮ್ಮ ಮಗಗ. ನೀರು ಹೋಗಾಕ ಒಂದ ಹರಿ ತಗದ್ರ ಮುಗೀತು."

"ನಾ ಹೇಳಿದ್ರ ಅದು ನನ್ನ ಬಳ್ಳಿ ಆಗತೈತಿ. ಅವ್ನ ದುಡಿಮಿ ಆಗಂಗಿಲ್ಲ. ಆಮ್ಯಾಲ ಯಾವ ಬಾಯಿಲೆ ತಿನ್ಲಿ?"

"ಮತ್ತ ಈಗ ಮಾಡಾಕತ್ತಿದ್ದು?"

"ಇದು ಕಸಾ ಹೊಡದಂಗ. ಇದು ಲೆಕ್ಕಕ್ಕ ಬರಂಗಿಲ್ಲ. ನೀ ಅವಂಗ ಹೇಳಿಗೀಳಿಯ ಮತ್ತ."

ಮಳೆ ಬಿದ್ದಾಗೆಲ್ಲ, ಕಾಕಾ ಮನೆಯಿಂದ ಆಚೆ ಕಾಲಿಟ್ಟ ಕೂಡಲೇ ಇದೇ ಕೆಲಸ. ಅವನು ಸಂಜೆ ಬಂದು ಗುಣಿಯೊಳಗೆ ಇಣುಕುತ್ತಿದ್ದ. ನೀರಿಲ್ಲ. ಅಪ್ಪನನ್ನು ಕೈಹಿಡಿದು ಕರೆತಂದು ತೋರಿಸುತ್ತಿದ್ದ.

"ನೋಡಣ್ಣಾ, ಹ್ಯಾಂಗ ಇಂಗೇತಿ. ನೀ ಎರಿ ಭೂಮಿ ಎರಿ ಭೂಮಿ ಅಂತಿದ್ದಿ."

ಆಯಿ ಆಗ ಒಳಗೆ ಕೂತು ಒದ್ದೆ ಪಾದಗಳನ್ನು ಗೋಣಿ ಚೀಲದಲ್ಲಿ ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಒಂಥರಾ ನಗು. ಬಳ್ಳಿ ಚಿಗುರಿತು ಕೂಡ. ಬುಡದಿಂದ ಐದಾರು ಚಿಗುರು ಎದ್ದು ಗುಣಿಯ ಅಂಚು ಮುಟ್ಟಿದವು. ಕಾಕಾ ಓಣಿಯವರನ್ನೆಲ್ಲ ಕರೆದು ತೋರಿಸಿದ. ಹಿಂಗಾರು ಹತ್ತಿರ ಬಂದಾಗ ಆಯಿಗೆ ಜ್ವರ ಹಿಡಿಯಿತು, ಮೊಣಕಾಲು ಬಾತು ಹೊರಸಿನಿಂದ ಇಳಿಯಲಾಗಲಿಲ್ಲ. ಆಗಲೇ ಬಿಡದೆ ಮಳೆ ಹಿಡಿಯಿತು. ಸಾಲೆಗೆ ಸೂಟಿ ಕೊಟ್ಟರು, ಮಾಳಿಗೆ ಸೋರಿತು, ಹತ್ತಿಯ ಮೂಟೆಗಳನ್ನು ಮಂಚದ ಮೇಲೆ ಇಟ್ಟು ನಾವು ನೆಲದ ಮೇಲೆ ಮಲಗಿದೆವು. ಗುಣಿ ಅಂಚಿನ ತನಕ ತುಂಬಿತ್ತು. ಆಯಿ ಹೊರಸಿನ ಮೇಲಿಂದ ಮತ್ತೆ ಮತ್ತೆ ಹಿತ್ತಲ ಬಾಗಿಲು ನೋಡುತ್ತಿದ್ದಳು. ಅವ್ವನಿಗೆ ತಡೆಯಲಾಗಲಿಲ್ಲ, ನೀರು ನಿಂತೈತಲ್ಲಪಾ ಎಂದು ಕಾಕಾನಿಗೆ ಅಂದೇಬಿಟ್ಟಳು. ಇಂಗತೈತಿ ಬಿಡ್ರಿ ವೈನಿ, ಇಷ್ಟ ದಿನ ಇಂಗಿಲ್ಲೇನು ಎಂದು ಅವನು ತಲೆಯ ಮೇಲೆ ಗೋಣಿ ಚೀಲ ಹಾಕಿಕೊಂಡು ಸೋರುವ ಮಾಳಿಗೆಗೆ ಮಣ್ಣು ಹಾಕಲು ಹೋದ.

ಮಳೆ ನಿಂತ ಮೇಲೆ ಎಲೆ ಹಳದಿಯಾದವು. ದಸರೆಯ ಬಿಸಿಲಿಗೆ ಚಿಗುರು ಬಾಡಿ ಜೋತುಬಿದ್ದವು. ಕಾಕಾ ಕೈಯಿಂದಲೇ ಮಣ್ಣು ಬಗೆದ. ಬೇರು ಕಪ್ಪಾಗಿ ಮೆತ್ತಗಾಗಿತ್ತು, ಉಗುರು ತಾಗಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು, ಹಿತ್ತಲು ತುಂಬ ಕೊಳೆತ ವಾಸನೆ. ಇನ್ನೂ ಆಳಕ್ಕೆ ಬಗೆದ. ಅಲ್ಲಿಯೂ ಅದೇ. ಅಪ್ಪ ಏನೂ ಅನ್ನಲಿಲ್ಲ, ಒಳ್ಳೆಯವನು. ಅಂದವಳು ಅವ್ವ. ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದು ಒಮ್ಮೆಲೇ ಹೊರಗೆ ಬಿತ್ತು.

"ನೀರು ಇಂಗಿಲ್ಲಪಾ. ಒಂದ ದಿನಾನೂ ಇಂಗಿಲ್ಲ. ನಿಮ್ಮವ್ವ ಚಂಬೀಲೆ ಗೋಚಿ ಚೆಲ್ಲತಿದ್ಲು."

ಕಾಕಾ ಗುಣಿಯೊಳಗೆ ಕೂತವನು ಕೂತಂತೆಯೇ ತಲೆ ಎತ್ತಿದ. ಆಯಿ ಗೋಡೆ ಹಿಡಿದು ಬಾಗಿಲ ತನಕ ಬಂದಿದ್ದಳು.

"ಹೇಳಬಾರದಿತ್ತೇನವ್ವಾ?"

"ನೀ ಕೇಳಬಾರದಿತ್ತೇನಪಾ?"

ಅಷ್ಟೇ. ಕಾಕಾ ಮರುದಿನ ಡೋಣಿಗೆ ಹೋದ. ಬಿದ್ದ ಮನೆಯ ಹಾಳಿನಲ್ಲಿ, ಗುಡ್ಡದ ಅಂಚಿನ ಬೇಲಿಗಳಲ್ಲಿ, ಮುಂಡರಗಿಯ ತೋಟಗಳಲ್ಲಿ ಸಿಕ್ಕ ಸಿಕ್ಕವರನ್ನು ಕೇಳುತ್ತ ಅಲೆದ. ಎಲ್ಲಿಂದಲೋ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ. ಆಯಿ ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಇದಲ್ಲ ಎಂದಳು. ಅದನ್ನೂ ನೆಟ್ಟರು. ಒಳ್ಳೆಯ ಹಸಿರು ದ್ರಾಕ್ಷಿ ಬಿಟ್ಟಿತು. ಓಣಿಯ ಹುಡುಗರು ತಿಂದರು. ಬರಣಿಗಳು ಬರಿದಾದವು, ಸಿರಕಾ ಕೇಳಿಕೊಂಡು ಬರುವವರ ಬಟ್ಟಲು ನಿಂತವು, ಅವ್ವ ಕತ್ತಲ ಕೋಣೆಯಲ್ಲಿ ಉಳ್ಳಾಗಡ್ಡಿ ಇಡಲು ಶುರು ಮಾಡಿದಳು.

ಎಲ್ಲರೂ ಅಂದುಕೊಂಡದ್ದು ಕಾಕಾ ಮತ್ತೆ ಹೊರಟುಹೋಗುತ್ತಾನೆ ಎಂದು. ಹೋಗಲಿಲ್ಲ. ಅಪ್ಪನ ಜೊತೆ ಬಿಲ್ಲು ಹಿಡಿದು ಕೂತವನು ಏಳಲೇ ಇಲ್ಲ, ಮದುವೆಯನ್ನೂ ಆಗಲಿಲ್ಲ. ಅವನ ದುಡಿಮೆ ಅಪ್ಪನ ದುಡಿಮೆಯ ಜೊತೆ ಒಂದೇ ಡಬ್ಬಿಗೆ ಬೀಳುತ್ತಿತ್ತು, ಅದರಿಂದಲೇ ತಂದ ಜೋಳದ ರೊಟ್ಟಿಯನ್ನು ಆಯಿ ತಿನ್ನುತ್ತಿದ್ದಳು. ಹಲಾಲು ಹರಾಮಿನ ಲೆಕ್ಕ ಅಂದೇ ಮುಗಿದಿತ್ತು. ಉಳಿದದ್ದು ಮೊದಲ ಗೊಂಚಲಿನ ಆ ಮಾತು ಮಾತ್ರ. ಅವನು ಬಂದು ಕೊಡಲಿ ಎಂದು ಅವಳು, ಅವಳು ಕೇಳಲಿ ಎಂದು ಇವನು. ಹಬ್ಬದ ದಿನ ಎಲ್ಲರೂ ಒಬ್ಬರಿಗೊಬ್ಬರು ಶೀರಖುರ್ಮಾ ಕುಡಿಸುವಾಗ ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ, ಆಯಿ ಬಾಗಿಲು ನೋಡುತ್ತಿದ್ದಳು. ಹೆತ್ತಾಕೀನೂ ಹಂಗ, ಹುಟ್ಟಿದಾವನೂ ಹಂಗ ಎಂದು ಅವ್ವ ಅನ್ನುವಳು. ನಾನು ಈ ಇಬ್ಬರ ನಡುವೆ ಬೆಳೆದವಳು. ಅದಕ್ಕೇ ಇರಬೇಕು, ಯಾರಾದರೂ ಏನಾದರೂ ಕೈಯಲ್ಲಿ ಹಿಡಿದು ತಿನ್ನು ಅಂದರೆ ನನಗೆ ಬೇಡ ಅನ್ನಲು ಬರುವುದಿಲ್ಲ. ಹೊಟ್ಟೆ ತುಂಬಿದ್ದರೂ, ಡಾಕ್ಟರು ಸಕ್ಕರೆ ಬಿಡು ಅಂದಿದ್ದರೂ ಬಾಯಿ ತೆರೆಯುತ್ತೇನೆ. ಮಕ್ಕಳು ನನ್ನನ್ನು ಹೊಟ್ಟೆಬಾಕಿ ಎಂದು ನಗುತ್ತಾರೆ. ನಗಲಿ.

ನಾನು ಕಾಲೇಜಿಗೆ ಗದಗ-ಬೆಟಗೇರಿಗೆ ಓಡಾಡುತ್ತಿದ್ದ ಕಾಲಕ್ಕೆ ಆಯಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು, ಕಿವಿಯೂ ಮಂದವಾಗಿತ್ತು. ಒಂದು ಬೇಸಿಗೆಯಲ್ಲಿ ಅನ್ನ ನೀರು ಬಿಟ್ಟಳು. ಕೊನೆಯ ದಿನ ಅಪ್ಪ ಮೌಲ್ವಿಯವರನ್ನು ಕರೆತರಲು ಹೋಗಿದ್ದ. ಮಧ್ಯಾಹ್ನದ ಹೊತ್ತು. ಆಯಿಯ ತುಟಿ ಒಣಗಿ ಬಿರಿದಿದ್ದವು, ಅವ್ವ ಚಮಚದಿಂದ ನೀರು ಹಾಕಿದರೆ ಹೊರಗೇ ಹರಿಯುತ್ತಿತ್ತು. ಕಾಕಾ ಪೇಟೆಗೆ ಓಡಿ ದ್ರಾಕ್ಷಿ ತಂದ. ಹಸಿರು ಹಣ್ಣೇ, ಬೇರೆ ಎಲ್ಲಿಯದು. ಬಟ್ಟಲಿನಲ್ಲಿ ಹಿಂಡಿ, ರಸವನ್ನು ಬೆರಳಿನಿಂದ ಅದ್ದಿ ಅವಳ ತುಟಿಗೆ ಹಚ್ಚಿದ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಆಯಿ ಆ ಕೈಯನ್ನು ಹಿಡಿದು ತಡೆದಳು.

"ಯಾರು?"

ಕಾಕಾ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ಹೆಸರು ಹೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಾಳೆಂದು ಹೆದರಿದ.

"ನಾನವ್ವಾ. ರಾಜೇಸಾಬ," ಎಂದ ಅಣ್ಣನ ಹೆಸರು ಹಿಡಿದು.

ಆಯಿ ಬಾಯಿ ತೆರೆದಳು. ಎರಡು ಮೂರು ಚಮಚ ನುಂಗಿದಳು. ಕಾಕಾನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಅಲ್ಲಾಡದಂತೆ ಹಿಡಿದಿದ್ದ. ಆಯಿ ನಿಧಾನಕ್ಕೆ ಆ ಕೈಯನ್ನು ದೂರ ಸರಿಸಿದಳು.

"ಸಾಕು ರಾಜ್ಯಾ. ದಾವಲನ್ನ ಕರಿ. ಇನ್ನ ಉಳದದ್ದು ಅವ್ನ ಕೈಲೆ ಕುಡೀತೀನಿ. ನಾ ಸೋತೆ ಅಂತ ಹೇಳು ಅವಂಗ."

ಕಾಕಾ ಚಮಚ ಕೆಳಗಿಟ್ಟ. ಅವನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ.

"ನಾನ ದಾವಲ ಅವ್ವಾ. ನಾನ ಕುಡಿಸಿದ್ದು."

ಆಯಿ ಅವನ ಅಂಗೈಯನ್ನು ಹುಡುಕಿ ಹಿಡಿದು ಹೆಬ್ಬೆರಳಿನಿಂದ ಸವರಿದಳು. ಬಿಲ್ಲು ಹಿಡಿದು ಹಿಡಿದು ಗಟ್ಟಿಯಾದ ಅಂಗೈ, ಬೆರಳ ಸಂದಿಯಲ್ಲಿ ತಂತಿ ಬಡಿದು ಕಟ್ಟಿದ ಜಡ್ಡು.

"ಸುಳ್ಳ ಹೇಳಬ್ಯಾಡ ರಾಜ್ಯಾ. ಇದು ಪಿಂಜಾರನ ಕೈ. ಅವ್ನ ಕೈ ನನಗ ಗೊತ್ತಿಲ್ಲೇನು? ಹೊರಗ ನಿಂತಿರ್ತಾನ, ಹಟಮಾರಿ. ಹೋಗು, ಕರಿ."

ಮತ್ತೆ ಹೇಳಿದ, ಮತ್ತೆ ಹೇಳಿದ. ಅವ್ವನೂ ನಾನೂ ಹೇಳಿದೆವು. ಆಯಿ ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸುತ್ತಿದ್ದಳು, ಸಾಯುವವರನ್ನು ಸಮಾಧಾನ ಮಾಡುವವರ ಮಾತು ಅವಳಿಗೆ ಬೇಕಿರಲಿಲ್ಲ. ಕೊನೆಗೆ ಕಾಕಾ ತಟ್ಟನೆ ಎದ್ದ. ಹತ್ತಿಯ ಕೋಣೆ ದಾಟಿ ಹೊರಗೆ ಹೋದ, ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದ. ಯಾಕೆಂದು ನಮಗೆ ಅರ್ಥವಾಗಲಿಲ್ಲ. ಓಣಿಯ ತಿರುವಿನ ತನಕ ಹೋಗಿ ಅಲ್ಲಿಂದ ತಿರುಗಿದ. ಬಾಗಿಲಿಗೆ ಬಂದು, ದೂರದ ಊರಿನಿಂದ ಈಗ ತಾನೆ ಇಳಿದವನ ಹಾಗೆ, ಮಂದ ಕಿವಿಗೂ ಕೇಳುವಂತೆ ಗಟ್ಟಿಯಾಗಿ ಸಲಾಂ ಹೇಳಿದ.

"ಅಸ್ಸಲಾಮು ಅಲೈಕುಂ ಅವ್ವಾ. ನಾ ದಾವಲ. ಬಂದೆ."

ಅವ್ವ ಅಷ್ಟರಲ್ಲಿ ಆಯಿಯ ಕಣ್ಣು ಮುಚ್ಚಿ, ಗಲ್ಲಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಕಾಕಾ ಬಾಗಿಲಲ್ಲಿಯೇ ನಿಂತು ಸಲಾಮಿಗೆ ಉತ್ತರ ಕಾಯುತ್ತಿದ್ದ. ಒಳಗೆ ಬಾ ಎಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.